ಬಂದರಿನ ರೋಗಿ, ಲಂಡನ್ನಿನ ಸೀಟು

ನಮ್ಮ ಡಾಕ್ಟರುಗಳಿಗೆ ಹೊರದೇಶದಲ್ಲಿ ತರಬೇತಿಯ ಬಾಗಿಲು ಮುಚ್ಚಿದರೆ ಅನ್ಯಾಯ ಎನ್ನುತ್ತೇವೆ. ಹೊರದೇಶದಲ್ಲಿ ಓದಿ ಬಂದವರಿಗೆ ನಮ್ಮ ಬಾಗಿಲು ಎಷ್ಟು ತೆರೆದಿದೆ?

ಮಂಗಳೂರಿನ ಬಂದರಿನಲ್ಲಿ ಬೋಟುಗಳು ದಕ್ಕೆಗೆ ತಾಗಿ ಮೀನು ಇಳಿಯುವ ಹೊತ್ತಿಗೆ ಯಾರದೋ ಅಂಗೈ ಹಗ್ಗಕ್ಕೆ ಉಜ್ಜಿ ಚರ್ಮ ಕಿತ್ತಿರುತ್ತದೆ, ಇನ್ಯಾರದೋ ಕಾಲಿಗೆ ತೊರಕೆ ಮೀನಿನ ಮುಳ್ಳು ನೆಟ್ಟಿರುತ್ತದೆ. ಲಕ್ಷದ್ವೀಪಕ್ಕೆ ಹೊರಡುವ ಮಂಜಿ ಹಡಗುಗಳಿಗೆ ಸಿಮೆಂಟು, ತರಕಾರಿ ಹೇರುವವರಲ್ಲಿ ಒಬ್ಬಿಬ್ಬರ ಸೊಂಟ ಹಿಡಿದುಕೊಂಡಿರುತ್ತದೆ. ಕಾಸಿದ್ದವರು ಖಾಸಗಿ ಆಸ್ಪತ್ರೆಗೆ ಹೋಗುತ್ತಾರೆ. ಇಲ್ಲದವರು ಸ್ಟೇಟ್‌ಬ್ಯಾಂಕ್ ದಾಟಿ ವೆನ್ಲಾಕ್ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುತ್ತಾರೆ. ಅಲ್ಲಿ ಮೊದಲು ಕೈ ಹಿಡಿದು ನೋಡುವವರು ಹೆಚ್ಚಾಗಿ ಹೌಸ್ ಸರ್ಜನ್ನರು. ಎಲ್ಲಿಂದಲೋ ಬಂದ ಹುಡುಗಿ ‘ದಾದ ಆಂಡ್?’ (ಏನಾಯಿತು?) ಎಂದು ಹೊಸದಾಗಿ ಕಲಿತ ತುಳುವಿನಲ್ಲಿ ಕೇಳುತ್ತಾಳೆ, ಹೊಲಿಗೆ ಹಾಕುತ್ತಾಳೆ, ಪಕ್ಕದಲ್ಲಿ ನಿಂತ ಸೀನಿಯರ್ ‘ಇನ್ನೂ ಸ್ವಲ್ಪ ಒಳಗಿಂದ ತೆಗೆದುಕೋ’ ಎಂದು ತಿದ್ದುತ್ತಾರೆ. ಡಾಕ್ಟರಿಕೆಯಲ್ಲಿ ತರಬೇತಿ ಎಂದರೆ ಇದೇ. ಇದನ್ನು ಪುಸ್ತಕ ಕೊಡುವುದಿಲ್ಲ. ರೋಗಿಯ ಮೈ ಮತ್ತು ಪಕ್ಕದಲ್ಲಿ ನಿಂತವರ ಕಣ್ಣು ಕೊಡುತ್ತವೆ.

ವೆನ್ಲಾಕ್ ಶುರುವಾದದ್ದು 1848ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು (ಕೆಎಂಸಿ) ತೆರೆದಾಗ ಅವರ ಬಳಿ ವಿದ್ಯಾರ್ಥಿಗಳಿದ್ದರು, ಕಲಿಸಲು ಬೇಕಾದಷ್ಟು ಹಾಸಿಗೆಗಳಿರಲಿಲ್ಲ. 1955ರಲ್ಲಿ ಮಂಗಳೂರಿನಲ್ಲಿ ಕೆಎಂಸಿ ಕಾಲೂರಿದ್ದು ಸರಕಾರಿ ವೆನ್ಲಾಕ್ ಮತ್ತು ಲೇಡಿಗೋಶನ್ ಆಸ್ಪತ್ರೆಗಳ ವಾರ್ಡುಗಳನ್ನು ನಂಬಿ. ಖಾಸಗಿ ಕಾಲೇಜಿನ ಹುಡುಗರು ಸರಕಾರಿ ಆಸ್ಪತ್ರೆಯ ಬಡವರ ಮೇಲೆ ಕೈ ಪಳಗಿಸಿಕೊಂಡರು. ಬಂದರಿನ ಹಮಾಲರು, ಮೊಗವೀರರು, ಬೀಡಿ ಕಟ್ಟುವ ಹೆಂಗಸರು ಹೀಗೆ ತಮಗೆ ಗೊತ್ತಿಲ್ಲದೆಯೇ ಗುರುಗಳಾದರು. ಅವರಿಂದ ಕಲಿತವರು ಕೊಲ್ಲಿ ದೇಶಗಳಿಗೂ ಇಂಗ್ಲೆಂಡ್, ಅಮೆರಿಕಗಳಿಗೂ ಹೋದರು.

ಆಟದ ನಡುವೆ ಬದಲಾದ ನಿಯಮ

ಹೋದವರಿಗೆ ಅಲ್ಲಿ ಬೇಕಿದ್ದದ್ದು ಕೆಲಸ ಮಾತ್ರವಲ್ಲ, ಮೇಲಿನ ತರಬೇತಿ. ಕಿನ್ನಿಗೋಳಿಯ ಡಾ. ದೇವಿ ಶೆಟ್ಟಿ ಮಂಗಳೂರಿನ ಕೆಎಂಸಿಯಲ್ಲಿ ಓದಿ, ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಹೃದಯ ಶಸ್ತ್ರಚಿಕಿತ್ಸೆ ಕಲಿತು 1989ರಲ್ಲಿ ಮರಳಿದರು. ಕೋಲ್ಕತ್ತ, ಬಳಿಕ ಬೆಂಗಳೂರಿನಲ್ಲಿ ಅವರು ಕಟ್ಟಿದ ಹೃದಯದ ಆಸ್ಪತ್ರೆಗಳು ಎಲ್ಲರಿಗೂ ಗೊತ್ತು. ಅಲ್ಲಿನ ಒಂದು ತರಬೇತಿ ಸೀಟು ಇಲ್ಲಿನ ಸಾವಿರಾರು ಎದೆಗಳನ್ನು ಉಳಿಸಿತು.

ಆದರೆ ಆ ಸೀಟಿನ ಬಾಗಿಲು ಅಲ್ಲಿನ ಅಗತ್ಯಕ್ಕೆ ತಕ್ಕಂತೆ ತೆರೆದು ಮುಚ್ಚುತ್ತಲೇ ಬಂದಿದೆ. ಬ್ರಿಟನ್ ಭಾರತದ ಪದವಿಯನ್ನು ನೇರವಾಗಿ ಒಪ್ಪುವುದನ್ನು 1975ರಲ್ಲಿ ನಿಲ್ಲಿಸಿ, ಮುಂದೆ ಪ್ಲಾಬ್ ಎಂದು ಹೆಸರಾದ ಪರೀಕ್ಷೆ ತಂದಿತು. ಪರೀಕ್ಷೆ ಇರಲಿ, ಅದರಲ್ಲಿ ತಪ್ಪಿಲ್ಲ. ತಪ್ಪಾದದ್ದು 2006ರಲ್ಲಿ. ಹೊರದೇಶದ ವೈದ್ಯರು ವರ್ಕ್ ಪರ್ಮಿಟ್ ಇಲ್ಲದೆ ತರಬೇತಿ ಪಡೆಯಬಹುದಾಗಿದ್ದ ಸೌಲಭ್ಯವನ್ನು ತೆಗೆಯುವುದಾಗಿ ಮಾರ್ಚ್‌ನಲ್ಲಿ ಘೋಷಿಸಿ ಏಪ್ರಿಲ್‌ನಲ್ಲಿ ರದ್ದು ಮಾಡಲಾಯಿತು. ಅದರ ಹಿಂದೆಯೇ, ಸ್ಥಳೀಯರು ಮತ್ತು ಯುರೋಪಿನವರು ಸಿಗದಿದ್ದರೆ ಮಾತ್ರ ಇತರರನ್ನು ಪರಿಗಣಿಸಿ ಎಂಬ ಸೂಚನೆ ಆಸ್ಪತ್ರೆಗಳಿಗೆ ಹೋಯಿತು. ಸಾಲ ಮಾಡಿ ಬಂದು, ಪ್ಲಾಬ್ ಪಾಸು ಮಾಡಿ, ಇಂಟರ್‌ವ್ಯೂಗೆ ಕಾದಿದ್ದವರು ಅತ್ತ ಇರಲೂ ಆಗದೆ ಇತ್ತ ಬರಲೂ ಆಗದೆ ಸಿಕ್ಕಿಬಿದ್ದರು.

ಬ್ರಿಟನ್ನಿನ ಭಾರತೀಯ ಮೂಲದ ವೈದ್ಯರ ಸಂಘ ‘ಬಾಪಿಯೋ’ ಕೋರ್ಟಿಗೆ ಹೋಯಿತು. 2008ರ ಏಪ್ರಿಲ್ 30ರಂದು ಹೌಸ್ ಆಫ್ ಲಾರ್ಡ್ಸ್ ಆ ಸೂಚನೆ ಕಾನೂನುಬಾಹಿರ ಎಂದಿತು. ದೇಶವೊಂದಕ್ಕೆ ತನ್ನ ವಲಸೆ ನೀತಿ ಬದಲಿಸಿಕೊಳ್ಳುವ ಹಕ್ಕಿಲ್ಲವೆಂದು ಕೋರ್ಟ್ ಹೇಳಲಿಲ್ಲ. ಭರವಸೆ ಕೊಟ್ಟು ಕರೆಸಿಕೊಂಡವರ ಕಾಲಡಿಯ ನೆಲವನ್ನು ಹಿಂಬಾಗಿಲಿನಿಂದ ಸರಿಸಬಾರದು ಎಂಬುದೇ ಆ ಹೋರಾಟದ ತಿರುಳು. ಆ ಪ್ರಶ್ನೆ ಈಗ ಮತ್ತೆ ಎದ್ದಿದೆ. 2025ರಲ್ಲಿ ಅಲ್ಲಿ ಹತ್ತು ಸಾವಿರದಷ್ಟು ಸ್ಪೆಷಾಲಿಟಿ ಸೀಟುಗಳಿಗೆ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಪೈಪೋಟಿ ನಡೆಸಿದರು. ತನ್ನ ನೆಲದಲ್ಲಿ ಓದಿದವರಿಗೂ, ಅಲ್ಲಿನ ಸರಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಗಣನೀಯ ಕಾಲ ದುಡಿದವರಿಗೂ ಆದ್ಯತೆ ಕೊಡುತ್ತೇನೆ ಎಂದು ಬ್ರಿಟನ್ ಅದೇ ವರ್ಷ ಘೋಷಿಸಿತು. ‘ದುಡಿದವರಿಗೂ’ ಎಂಬ ಮಾತು ಸೇರಿದ್ದರಲ್ಲಿ ಹಳೆಯ ಪಾಠದ ನೆರಳಿದೆ.

ಅಮೆರಿಕದ ಬಾಗಿಲು ಬೇರೆ ತರಹದ್ದು. ಹೊರಗಿನ ಪದವೀಧರರನ್ನು ಪ್ರಮಾಣೀಕರಿಸುವ ವ್ಯವಸ್ಥೆ ಅಲ್ಲಿ 1956ರಿಂದಲೇ ಇದೆ. ಸ್ಟೆಪ್ ಪರೀಕ್ಷೆಗಳು, ಕೈಯಿಂದ ಖರ್ಚು ಮಾಡಿ ಮಾಡುವ ಅಬ್ಸರ್ವರ್‌ಶಿಪ್, ಆಮೇಲೆ ತರಬೇತಿ ಸೀಟು ಹಂಚುವ ಮಾರ್ಚ್ ತಿಂಗಳ ‘ಮ್ಯಾಚ್’. ಇತ್ತೀಚಿನ ವರ್ಷಗಳಲ್ಲಿ ಅಲ್ಲಿನ ಎಂಡಿ ಕಾಲೇಜುಗಳ ಅಂತಿಮ ವರ್ಷದವರಲ್ಲಿ ನೂರಕ್ಕೆ ಸುಮಾರು 93 ಮಂದಿಗೆ ಸೀಟು ಸಿಕ್ಕಿದರೆ, ಅಮೆರಿಕನ್ನರಲ್ಲದ ವಿದೇಶಿ ಪದವೀಧರರಲ್ಲಿ ಸುಮಾರು 58 ಮಂದಿಗೆ. ಪದವಿ ಮುಗಿಸಿ ಕೆಲವು ವರ್ಷ ಕಳೆದಿದ್ದರೆ ಅರ್ಜಿ ತೆರೆಯದ ಪ್ರೋಗ್ರಾಂಗಳೂ ಉಂಟು. ವೆನ್ಲಾಕ್‌ನಂಥ ಕಡೆ ಐದು ವರ್ಷ ದುಡಿದದ್ದು ಅಲ್ಲಿ ಅನುಭವವಾಗುವ ಬದಲು ‘ಗ್ಯಾಪ್’ ಆಗಿಬಿಡುತ್ತದೆ. ಇನ್ನು ಜೆ-1 ವೀಸಾದಲ್ಲಿ ಕಲಿತವರು ಎರಡು ವರ್ಷ ತಾಯ್ನಾಡಿಗೆ ಮರಳಬೇಕು. ಇಲ್ಲವೇ 1994ರಲ್ಲಿ ಶುರುವಾದ ಕಾನ್ರಾಡ್ ಯೋಜನೆಯಂತಹ ವಿನಾಯಿತಿ ಹಿಡಿದು ಡಾಕ್ಟರಿಲ್ಲದ ಊರಿಗೆ ಮೂರು ವರ್ಷ ಹೋಗಬೇಕು. ಅಲ್ಲಿನವರು ಹೋಗಲೊಲ್ಲದ ಊರುಗಳನ್ನು ಹೀಗೆ ಸಲಹುತ್ತಿರುವವರಲ್ಲಿ ನಮ್ಮವರೂ ಇದ್ದಾರೆ.

ನಮ್ಮ ಮನೆಯ ಬಾಗಿಲು

ಈ ಅನ್ಯಾಯಗಳನ್ನು ಮಂಗಳೂರಿನಲ್ಲಿ ಕುಳಿತು ಎಣಿಸುವಾಗ ನಮ್ಮ ಕಡೆಗೂ ತಿರುಗಿ ನೋಡಬೇಕು. ಕೆಎಂಸಿ, ಫಾದರ್ ಮುಲ್ಲರ್, ಯೆನೆಪೋಯ, ಕೆ.ಎಸ್. ಹೆಗ್ಡೆ, ಎ.ಜೆ., ಶ್ರೀನಿವಾಸ, ಕಣಚೂರು: ನಗರದ ಸುತ್ತ ಇಷ್ಟು ಮೆಡಿಕಲ್ ಕಾಲೇಜುಗಳಿದ್ದರೂ ಸರಕಾರಿ ಒಂದೂ ಇಲ್ಲ. ಫೀಸು ಎಟುಕದ ಕುಟುಂಬಗಳ ಮಕ್ಕಳು ರಷ್ಯಾ, ಜಾರ್ಜಿಯಾ, ಕಿರ್ಗಿಸ್ತಾನಗಳತ್ತ ಹೊರಡುತ್ತಾರೆ. ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ನವೀನ್ ಹೋದದ್ದು ಉಕ್ರೇನಿನ ಖಾರ್ಕಿವ್‌ಗೆ. 2022ರ ಮಾರ್ಚ್ 1ರಂದು ಆಹಾರ ತರಲು ಹೊರಗೆ ಬಂದಿದ್ದಾಗ ರಷ್ಯಾದ ದಾಳಿಗೆ ಬಲಿಯಾದರು. ಪಿಯುಸಿಯಲ್ಲಿ ಶೇ 97 ತೆಗೆದ ಮಗನಿಗೆ ಇಲ್ಲಿ ಸೀಟು ಸಿಗಲಿಲ್ಲ ಎಂದು ತಂದೆ ಅಂದು ಹೇಳಿದರು. ಊರಿಗೆ ತಲುಪಿದ ದೇಹವನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಕಲಿಯಲು ಜಾಗ ಸಿಗದವನ ಮೈ ಕಲಿಯುವವರಿಗೆ ಪಾಠವಾಯಿತು.

ಬದುಕಿ ಬಂದವರ ದಾರಿಯೂ ಸಲೀಸಲ್ಲ. ವಿದೇಶದಲ್ಲಿ ಓದಿ ಬಂದವರು 2002ರಿಂದ ಸ್ಕ್ರೀನಿಂಗ್ ಪರೀಕ್ಷೆ ಬರೆಯಬೇಕು. 300 ಪ್ರಶ್ನೆಗಳಲ್ಲಿ 150 ಸರಿಯಾದರೆ ಪಾಸು. ಹಲವು ಬಾರಿ ಐವರಲ್ಲಿ ಒಬ್ಬರಷ್ಟೇ ದಾಟಿದ್ದಾರೆ. ರೋಗಿಯ ಜೀವದ ಪ್ರಶ್ನೆ ಇರುವಲ್ಲಿ ಜರಡಿ ಬೇಕೇ ಬೇಕು. ಎಲ್ಲ ವಿದೇಶಿ ಕಾಲೇಜುಗಳೂ ಒಂದೇ ದರ್ಜೆಯವಲ್ಲ. ನನ್ನ ತಕರಾರು ಜರಡಿ ದಾಟಿದವರ ಬಗ್ಗೆ. ಅವರು ಇಲ್ಲಿ ಇಂಟರ್ನ್‌ಶಿಪ್ ಮಾಡಲೇಬೇಕು. ಆದರೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸುತ್ತೋಲೆಯಲ್ಲಿ ಹೇಳಿದಂತೆ ಕಾಲೇಜೊಂದು ತನ್ನ ಸೀಟುಗಳ ಶೇ 7.5ರಷ್ಟು ಮಂದಿಯನ್ನಷ್ಟೇ ಹೀಗೆ ಸೇರಿಸಿಕೊಳ್ಳಬಹುದು. 150 ಸೀಟಿನ ಕಾಲೇಜಿಗೆ ಲೆಕ್ಕ ಹಾಕಿದರೆ ಹನ್ನೊಂದು ಜನ. ಶುಲ್ಕ ಕೇಳಬಾರದು, ಸ್ಟೈಪೆಂಡ್ ಸಮನಾಗಿರಬೇಕು ಎಂಬುದೂ ಅದೇ ಸುತ್ತೋಲೆಯಲ್ಲಿದೆ. ಹಾಗಿದ್ದೂ ಸ್ಟೈಪೆಂಡಿಗಾಗಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ತಾರತಮ್ಯ ಸಲ್ಲದೆಂದು 2024ರಲ್ಲಿ ಕೋರ್ಟ್ ಹೇಳಬೇಕಾಯಿತು. ಕೋವಿಡ್ ಮತ್ತು ಯುದ್ಧದಿಂದ ಆನ್‌ಲೈನಿನಲ್ಲಿ ಓದು ಮುಗಿಸಿದವರಿಗೆ ಇಂಟರ್ನ್‌ಶಿಪ್ ಒಂದು ವರ್ಷದಿಂದ ಎರಡಾಯಿತು, ಕೆಲವರಿಗೆ ಮೂರಾಯಿತು. ರೋಗಿಯನ್ನು ಮುಟ್ಟದೆ ಕಲಿತವರಿಗೆ ಹೆಚ್ಚು ತರಬೇತಿ ಬೇಕೆಂಬುದು ಸರಿ. ಆದರೆ ಕೋರ್ಸು ಮುಗಿದ ಮೇಲೆ ಒಂದಾದ ಮೇಲೊಂದು ಸುತ್ತೋಲೆ ಹೊರಡಿಸುವುದಕ್ಕೂ, ಬ್ರಿಟನ್ 2006ರಲ್ಲಿ ಮಾಡಿದ್ದಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ನ್ಯಾಯ ಎಂದರೆ ಎಲ್ಲರಿಗೂ ಸೀಟು ಎಂದಲ್ಲ. ಯಾವ ದೇಶಕ್ಕೂ ಅಷ್ಟು ಹಾಸಿಗೆಗಳಿಲ್ಲ, ಕಲಿಸುವ ಅಷ್ಟು ಕೈಗಳೂ ಇಲ್ಲ. ಕೇಳುತ್ತಿರುವುದು ಚಿಕ್ಕದು: ನಿಯಮ ಸೇರುವ ಮೊದಲೇ ಗೊತ್ತಿರಲಿ, ಬದಲಾದರೆ ಮುಂದಿನ ಬ್ಯಾಚಿಗೆ ಅನ್ವಯಿಸಲಿ. ಯಾವ ಆಸ್ಪತ್ರೆಯಲ್ಲಿ ಎಷ್ಟು ಜಾಗ ಖಾಲಿ ಇದೆ ಎಂಬ ಪಟ್ಟಿ ಎಲ್ಲರಿಗೂ ಕಾಣುವಂತಿರಲಿ. ಒಂದೇ ವಾರ್ಡಿನಲ್ಲಿ ಒಂದೇ ರಾತ್ರಿ ಪಾಳಿ ಮಾಡುವ ಇಬ್ಬರಿಗೆ ಎರಡು ಸಂಬಳ ಬೇಡ. ಇಷ್ಟನ್ನು ನಾವು ಲಂಡನ್ನಿನಿಂದಲೂ ಷಿಕಾಗೋದಿಂದಲೂ ನಿರೀಕ್ಷಿಸುತ್ತೇವಾದರೆ ಮೊದಲು ಬೆಂಗಳೂರು, ಮಂಗಳೂರುಗಳಲ್ಲಿ ಮಾಡಿ ತೋರಿಸಬೇಕು. ಸಾಲಿನಲ್ಲಿ ನಿಂತ ಬಂದರಿನ ಹಮಾಲನಿಗೆ, ಹೊಲಿಗೆ ಹಾಕುವವರು ಎಲ್ಲಿ ಓದಿದರು ಎಂಬುದು ಮುಖ್ಯವಲ್ಲ. ಅವರಿಗೆ ಚೆನ್ನಾಗಿ ಕಲಿಸಲಾಗಿದೆಯೇ ಎಂಬುದೇ ಅವನ ಪ್ರಶ್ನೆ, ಮತ್ತು ಉತ್ತರ ಕೇಳುವ ಹಕ್ಕು ಎಲ್ಲರಿಗಿಂತ ಹೆಚ್ಚು ಅವನಿಗೇ ಇದೆ.