ವಿಮಾನ ನಿಲ್ದಾಣದ ಲೌಂಜ್

ವಿಮಾನ ನಿಲ್ದಾಣದ ಲೌಂಜ್ ಎಂದರೆ ವಿಮಾನಕ್ಕಾಗಿ ಕಾಯುವ ಪ್ರಯಾಣಿಕರಿಗೆ ಆಸನ, ಊಟೋಪಹಾರ, ವೈಫೈ ಹಾಗೂ ಕೆಲವೆಡೆ ಸ್ನಾನದ ಅನುಕೂಲವನ್ನು ಒದಗಿಸುವ ವಿಶ್ರಾಂತಿ ಸ್ಥಳ. ಹಿಂದೆ ಹೆಚ್ಚಾಗಿ ದುಬಾರಿ ದರ್ಜೆಯವರಿಗೆ ಮೀಸಲಾಗಿದ್ದ ಈ ಸೌಲಭ್ಯವು ಈಗ ಬ್ಯಾಂಕ್ ಕಾರ್ಡುಗಳ ಮೂಲಕ ಎಕಾನಮಿ ದರ್ಜೆಯ ಪ್ರಯಾಣಿಕರಿಗೂ ದೊರೆಯುತ್ತದೆ.

ಇತಿಹಾಸ

1939ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು ನ್ಯೂಯಾರ್ಕಿನ ಲಾಗಾರ್ಡಿಯಾ ನಿಲ್ದಾಣದಲ್ಲಿ ತೆರೆದ ಅಡ್ಮಿರಲ್ಸ್ ಕ್ಲಬ್ಬನ್ನು ಇಂತಹ ಮೊದಲ ಲೌಂಜ್ ಎಂದು ಪರಿಗಣಿಸಲಾಗಿದೆ. 1992ರಲ್ಲಿ ಸ್ಥಾಪನೆಯಾದ ಪ್ರಯಾರಿಟಿ ಪಾಸ್, ಯಾವ ಸಂಸ್ಥೆಯ ವಿಮಾನದಲ್ಲಿ ಪ್ರಯಾಣಿಸಿದರೂ ಸದಸ್ಯತ್ವದ ಆಧಾರದ ಮೇಲೆ ಪ್ರವೇಶ ನೀಡುವ ಪದ್ಧತಿಯನ್ನು ವ್ಯಾಪಕಗೊಳಿಸಿತು.

ಪ್ರವೇಶ

ಬಿಸಿನೆಸ್ ದರ್ಜೆಯ ಟಿಕೆಟ್, ವಿಮಾನಯಾನ ಸಂಸ್ಥೆಯ ಉನ್ನತ ಸದಸ್ಯತ್ವ, ಹಣ ಪಾವತಿ ಅಥವಾ ಅರ್ಹ ಕಾರ್ಡ್ ಇವುಗಳಲ್ಲಿ ಒಂದರಿಂದ ಪ್ರವೇಶ ಪಡೆಯಬಹುದು. ಭಾರತದಲ್ಲಿ ಕೆಲವು ರುಪೇ ಡೆಬಿಟ್ ಕಾರ್ಡುಗಳಿಗೂ ಈ ಸೌಲಭ್ಯವಿದೆ. ದೇಶೀಯ ಲೌಂಜಿಗೆ ನಡೆಯುವ ಕಾರ್ಡು ಅಂತರರಾಷ್ಟ್ರೀಯ ಲೌಂಜಿನಲ್ಲಿ ನಡೆಯಲೇಬೇಕೆಂದಿಲ್ಲ. ಹಲವು ಬ್ಯಾಂಕುಗಳು ಹಿಂದಿನ ತ್ರೈಮಾಸಿಕದಲ್ಲಿ ನಿಗದಿತ ಮೊತ್ತ ಖರ್ಚು ಮಾಡಿರಬೇಕೆಂಬ ಷರತ್ತು ವಿಧಿಸುತ್ತವೆ. ಮಗನ ಹೆಸರಿನ ಕಾರ್ಡನ್ನು ತೋರಿಸಿ ತಂದೆತಾಯಿಯರು ಒಳಹೋಗಲು ಸಾಮಾನ್ಯವಾಗಿ ಅವಕಾಶವಿಲ್ಲ.

ಒಳನಾಡಿನ ಪ್ರಯಾಣಿಕರು

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಿಂದ ವಿದೇಶಕ್ಕೆ ಹೊರಡುವವರು ಸಾಮಾನ್ಯವಾಗಿ ದೇವನಹಳ್ಳಿ ಬಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನು ತಲುಪಬೇಕು. ಇದು ಸುಮಾರು 300 ಕಿ.ಮೀ. ದೂರದ ರಸ್ತೆ ಪ್ರಯಾಣ. ಇಲ್ಲಿನ ಅಂತರರಾಷ್ಟ್ರೀಯ ಸೇವೆಗಳು 2023ರ ಸೆಪ್ಟೆಂಬರ್ 12ರಿಂದ ಎರಡನೆಯ ಟರ್ಮಿನಲ್‌ಗೆ ಸ್ಥಳಾಂತರಗೊಂಡವು. ಅಲ್ಲಿನ '080' ಲೌಂಜ್ ಬೆಂಗಳೂರಿನ ಎಸ್‌ಟಿಡಿ ಸಂಖ್ಯೆಯಿಂದ ಹೆಸರು ಪಡೆದಿದೆ.

ಲೌಂಜ್ ಇರುವುದು ಚೆಕ್-ಇನ್, ವಲಸೆ ಹಾಗೂ ಭದ್ರತಾ ತಪಾಸಣೆಗಳ ಆಚೆಗೆ. ಚೆಕ್-ಇನ್ ಆರಂಭವಾಗುವುದು ಸಾಮಾನ್ಯವಾಗಿ ವಿಮಾನ ಹೊರಡುವ 3–4 ಗಂಟೆ ಮೊದಲು. ಆದ್ದರಿಂದ ರಾತ್ರಿ ಬಸ್ಸಿನಲ್ಲಿ ಬೆಳಗ್ಗೆ ಬಂದಿಳಿದು ಮಧ್ಯರಾತ್ರಿಯ ವಿಮಾನ ಹಿಡಿಯುವವರಿಗೆ, ಕಾರ್ಡು ಯಾವುದೇ ಇದ್ದರೂ, ಹಗಲಿನ ದೀರ್ಘ ಕಾಯುವಿಕೆಯಲ್ಲಿ ಅದು ನೆರವಾಗುವುದಿಲ್ಲ. ಗಲ್ಫ್ ಮತ್ತು ಯುರೋಪಿನ ಅನೇಕ ವಿಮಾನಗಳು ನಸುಕಿಗೆ ಮುನ್ನವೇ ಹೊರಡುವುದರಿಂದ ಹಗಲು ಬಸ್ಸು ಹೆಚ್ಚು ಅನುಕೂಲಕರ. ಟಿಕೆಟ್ಟಿನಲ್ಲಿ 15ನೇ ತಾರೀಖು 2 ಗಂಟೆ ಎಂದಿದ್ದರೆ ಊರು ಬಿಡಬೇಕಾದುದು 14ರ ಬೆಳಗ್ಗೆ. ಇದನ್ನು ತಪ್ಪಾಗಿ ತಿಳಿದು 15ರಂದು ಹೊರಟವರಿಗೆ ವಿಮಾನವೇ ತಪ್ಪುತ್ತದೆ. ದುಬೈ, ದೋಹಾ ಅಥವಾ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸುವವರು ಸೀಮಿತ ಪ್ರವೇಶಗಳನ್ನು ಅಲ್ಲಿನ ದೀರ್ಘ ತಂಗುವಿಕೆಗೆ ಉಳಿಸಿಕೊಳ್ಳುವುದು ಲಾಭದಾಯಕ.

ವಿಮಾನದೊಳಗಿನ ಆರಾಮ

2021ರ ಜನವರಿಯಲ್ಲಿ ಏರ್ ಇಂಡಿಯಾ ಆರಂಭಿಸಿದ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನೇರ ಹಾರಾಟ ಸುಮಾರು 17 ಗಂಟೆಗಳದಾಗಿತ್ತು. ಇಂತಹ ಪ್ರಯಾಣದಲ್ಲಿ ಲೌಂಜಿಗಿಂತ ಆಸನವೇ ಮುಖ್ಯವಾಗುತ್ತದೆ. ಎಕಾನಮಿಯಲ್ಲಿ ಆಸನಸಾಲುಗಳ ಅಂತರ ಸಾಮಾನ್ಯವಾಗಿ 31–32 ಅಂಗುಲ. ಪ್ರೀಮಿಯಂ ಎಕಾನಮಿಯಲ್ಲಿ ಸುಮಾರು 38 ಅಂಗುಲ. ಕೆಲವು ಸಂಸ್ಥೆಗಳು ಖಾಲಿ ಉಳಿದ ಮೇಲ್ದರ್ಜೆಯ ಆಸನಗಳನ್ನು ಬಿಡ್ ಮೂಲಕ ನೀಡುತ್ತವೆ. ತುರ್ತು ನಿರ್ಗಮನ ದ್ವಾರದ ಸಾಲಿನಲ್ಲಿ ಕಾಲು ಚಾಚಲು ಹೆಚ್ಚು ಜಾಗವಿದ್ದರೂ, ದ್ವಾರ ತೆರೆಯಲು ಶಕ್ತರಲ್ಲದವರಿಗೆ ಆ ಆಸನ ಕೊಡುವುದಿಲ್ಲ. ನಡೆಯಲು ಕಷ್ಟವಿರುವ ಹಿರಿಯರಿಗೆ ಗಾಲಿಕುರ್ಚಿಯ ನೆರವನ್ನು ಟಿಕೆಟ್ ಕಾಯ್ದಿರಿಸುವಾಗಲೇ ಕೋರಬಹುದು.