ಹಗ್ಗಜಗ್ಗಾಟದಲ್ಲಿ ಗೆಲ್ಲುವುದು ಗಾತ್ರವೋ, ನೆಲವೋ?

ವಿರಾಜಪೇಟೆಯಿಂದ ಗೋಣಿಕೊಪ್ಪದತ್ತ ಹೊರಟರೆ ದಾರಿಯಲ್ಲಿ ಸಿಗುವ ಊರು ಬಿಟ್ಟಂಗಾಲ. ದಿಣ್ಣೆಯ ಮೇಲೆ ಕಾಫಿ ತೋಟ, ತಗ್ಗಿನಲ್ಲಿ ಭತ್ತದ ಗದ್ದೆ. ದಕ್ಷಿಣ ಕೊಡಗಿನ ಇಂಥ ಊರುಗಳಲ್ಲಿ ನಾಟಿ ಮುಗಿದು, ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲ್‌ಪೊಳ್ದ್ ಹಬ್ಬ ಬಂತೆಂದರೆ ಆಯುಧಪೂಜೆಯ ಬೆನ್ನಿಗೇ ಆಟೋಟಗಳು ಶುರು: ತೆಂಗಿನಕಾಯಿಗೆ ಗುಂಡು ಹೊಡೆಯುವುದು, ಓಟ, ಹಗ್ಗಜಗ್ಗಾಟ. ಅದಕ್ಕೂ ಮೊದಲು, ಸುರಿಯುವ ಮಳೆಯಲ್ಲೇ ಕೆಸರುಗದ್ದೆ ಕ್ರೀಡಾಕೂಟಗಳು ನಡೆದಿರುತ್ತವೆ. ಅಲ್ಲೂ ಹಗ್ಗ ಇದ್ದೇ ಇರುತ್ತದೆ. ಎಲ್ಲೇ ಆಗಲಿ, ತಂಡ ಕಟ್ಟುವಾಗ ಮೊದಲು ಏಳುವ ಪ್ರಶ್ನೆ ಒಂದೇ: ನಮ್ಮಲ್ಲಿ ಭಾರೀ ಆಳುಗಳು ಯಾರ್ಯಾರಿದ್ದಾರೆ?

ಭಾರೀ ಆಳುಗಳಿದ್ದರೆ ಗೆಲುವು ಖಚಿತವೇ ಎಂದರೆ ‘ಹೌದು’ ಅಥವಾ ‘ಇಲ್ಲ’ ಎಂಬ ಒಂದೇ ಮಾತಿನ ಉತ್ತರ ಹೊಂದುವುದಿಲ್ಲ. ಒಬ್ಬ ಆಟಗಾರ ಗರಿಷ್ಠ ಎಷ್ಟು ಎಳೆಯಬಹುದು ಎಂಬ ಮಿತಿಯನ್ನು ತೂಕ ಹಾಕಿಕೊಡುತ್ತದೆ. ಆ ಮಿತಿಯ ಎಷ್ಟು ಪಾಲು ನಿಜಕ್ಕೂ ಹಗ್ಗಕ್ಕೆ ಸೇರುತ್ತದೆ ಎಂಬುದನ್ನು ಪಾದ, ಸೊಂಟ ಮತ್ತು ಸಂಗಡಿಗರ ಹೊಂದಾಣಿಕೆ ತೀರ್ಮಾನಿಸುತ್ತವೆ. ಈ ಅಧ್ಯಾಯದ ತಿರುಳು ಇಷ್ಟೇ. ಆದರೆ ಅದರ ಹಿಂದಿನ ಕಾರಣಗಳು ಬಹಳ ಸೊಗಸಾಗಿವೆ.

ಆಟ, ಚುಟುಕಾಗಿ

ಅಂತರರಾಷ್ಟ್ರೀಯ ನಿಯಮದಲ್ಲಿ ತಂಡಕ್ಕೆ ಎಂಟು ಜನ. ಎದುರಾಳಿಯನ್ನು ನಾಲ್ಕು ಮೀಟರ್ ಎಳೆದರೆ ಒಂದು ಎಳೆತ ಗೆದ್ದಂತೆ. ಮೂರರಲ್ಲಿ ಎರಡು ಗೆದ್ದವರಿಗೆ ಪಂದ್ಯ. ಕೊನೆಯಲ್ಲಿ ನಿಲ್ಲುವವನು ಆಂಕರ್. ಅವನು ಮಾತ್ರ ಹಗ್ಗವನ್ನು ಬೆನ್ನ ಮೇಲಿಂದ ಓರೆಯಾಗಿ ಹೆಗಲಿಗೆ ತಂದುಕೊಳ್ಳಬಹುದು. 1900ರಿಂದ 1920ರವರೆಗೆ ಇದು ಒಲಿಂಪಿಕ್ ಕ್ರೀಡೆಯಾಗಿತ್ತು. ಇಂದು ಪಂದ್ಯಗಳು ತಂಡದ ಒಟ್ಟು ತೂಕದ ಮೇಲೆ ವಿಂಗಡವಾಗುತ್ತವೆ, 640 ಕೆ.ಜಿ. ವರ್ಗವೆಂದರೆ ಎಂಟೂ ಜನರ ತೂಕ ಕೂಡಿ ಅಷ್ಟನ್ನು ಮೀರುವಂತಿಲ್ಲ. ನಿಯಮ ಮಾಡಿದವರೇ ತೂಕಕ್ಕೆ ಬೇಲಿ ಹಾಕಿದ್ದಾರೆಂದರೆ ತೂಕದಿಂದ ಲಾಭವಿದೆ ಎಂದೇ ಅರ್ಥ. ಆ ಲಾಭ ಬರುವುದು ಎಲ್ಲಿಂದ ಎಂಬುದನ್ನು ನೋಡೋಣ.

ಹಗ್ಗದ ಬಗ್ಗೆ ಒಂದು ದೊಡ್ಡ ತಪ್ಪು ತಿಳಿವಳಿಕೆ

ಗೆದ್ದ ತಂಡ ಹಗ್ಗವನ್ನು ಹೆಚ್ಚು ಜೋರಾಗಿ ಎಳೆಯಿತು, ಸೋತ ತಂಡ ಕಡಿಮೆ ಎಳೆಯಿತು ಎಂದೇ ಎಲ್ಲರೂ ನಂಬಿರುತ್ತಾರೆ. ವಿಜ್ಞಾನ ಓದಿದವರೂ ಎಡವುವುದು ಇಲ್ಲೇ. ಆದ್ದರಿಂದ ಇಲ್ಲಿ ನಿಧಾನವಾಗಿ ಹೋಗೋಣ.

ಹಗ್ಗದ ನಡುವೆ ಒಂದು ಸ್ಪ್ರಿಂಗ್ ತಕ್ಕಡಿ ಕಟ್ಟಿದ್ದೇವೆ ಎನ್ನಿ. ಎಡಗಡೆಯ ತಂಡ 400 ಕೆ.ಜಿ.ಯಷ್ಟು ಬಲದಿಂದ ಎಳೆಯುತ್ತಿದೆ, ಬಲಗಡೆಯದೂ ಅಷ್ಟೇ, ಹಗ್ಗ ಕದಲುತ್ತಿಲ್ಲ. ಮುಳ್ಳು ಎಷ್ಟು ತೋರಿಸುತ್ತದೆ? ಹೆಚ್ಚಿನವರು 800 ಎನ್ನುತ್ತಾರೆ. ಕೆಲವರು ಎರಡೂ ಕಳೆದುಹೋಗಿ ಸೊನ್ನೆ ಎನ್ನುತ್ತಾರೆ. ಸರಿಯುತ್ತರ 400. ಬಲಗಡೆಯ ತಂಡವನ್ನು ಬಿಡಿಸಿ ಆ ತುದಿಯನ್ನು ಸಿಲ್ವರ್ ಓಕ್ ಮರಕ್ಕೆ ಬಿಗಿದರೂ ಮುಳ್ಳು 400ರಲ್ಲೇ ನಿಲ್ಲುತ್ತದೆ. ಮರವೂ ಅಷ್ಟೇ ಬಲದಿಂದ ತಡೆದು ಹಿಡಿದಿದೆ, ಅಷ್ಟೇ.

ಈಗ ಬಲಗಡೆಯವರು ಸೋಲಲಾರಂಭಿಸಿದರು, ಹಗ್ಗ ಎಡಕ್ಕೆ ಸರಿಯುತ್ತಿದೆ. ಆಗಲೂ ಹಗ್ಗದ ಎರಡು ಕಡೆಯ ಬಿಗಿತ ಹೆಚ್ಚುಕಡಿಮೆ ಒಂದೇ! ಹಗ್ಗದ ತೂಕ ಆಟಗಾರರ ತೂಕದೆದುರು ತೀರಾ ಸಣ್ಣದು. ಅದರ ಎರಡು ತುದಿಗಳ ನಡುವೆ ದೊಡ್ಡ ವ್ಯತ್ಯಾಸ ಉಳಿಯಲು ಸಾಧ್ಯವೇ ಇಲ್ಲ. ಎಡಗಡೆಯವರು ಬಲಗಡೆಯವರನ್ನು ಎಷ್ಟು ಎಳೆಯುತ್ತಾರೋ, ಬಲಗಡೆಯವರೂ ಎಡಗಡೆಯವರನ್ನು ಅಷ್ಟೇ ಎಳೆಯುತ್ತಿರುತ್ತಾರೆ. ಇದು ನ್ಯೂಟನ್ನನ ಮೂರನೆಯ ನಿಯಮ.

ಹಾಗಾದರೆ ಸೋಲು-ಗೆಲುವು ಎಲ್ಲಿ ತೀರ್ಮಾನವಾಗುತ್ತದೆ? ಪಾದದ ಅಡಿಯಲ್ಲಿ. ಪ್ರತಿ ತಂಡದ ಮೇಲೂ ಎರಡು ಬಲಗಳು ಅಡ್ಡಡ್ಡ ಕೆಲಸ ಮಾಡುತ್ತಿವೆ: ಮುಂದಕ್ಕೆ ಸೆಳೆಯುವ ಹಗ್ಗ, ಹಿಂದಕ್ಕೆ ತಳ್ಳುವ ನೆಲ. ಹಗ್ಗದ ಪಾಲು ಇಬ್ಬರಿಗೂ ಸಮ. ನೆಲದಿಂದ ಹೆಚ್ಚು ತಳ್ಳು ಪಡೆದವರು ಹಿಂದೆ ಸರಿಯುತ್ತಾರೆ, ಪಡೆಯಲಾರದವರು ಮುಂದಕ್ಕೆ ಜಾರುತ್ತಾರೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ನಿಂತ ಜಟ್ಟಿಗೆ ಒಣನೆಲದ ಮೇಲೆ ನಿಂತ ಹುಡುಗನನ್ನು ಎಳೆಯಲಾಗುವುದಿಲ್ಲ. ಜಟ್ಟಿಯ ತೋಳಿನ ಬಲ ಎಲ್ಲೂ ಹೋಗಿಲ್ಲ, ನೆಲ ಕೈಕೊಟ್ಟಿದೆ. ಹಗ್ಗಜಗ್ಗಾಟವೆಂದರೆ ಕಾಲಿನಿಂದ ನೆಲವನ್ನು ತಳ್ಳುವ ಸ್ಪರ್ಧೆ. ಕೈಯ ಕೆಲಸ ಹಿಡಿದಿಡುವುದು ಮಾತ್ರ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡಬೇಕು. ಎಳೆಯುವವರು ಹೆಚ್ಚಿದಂತೆ ಹಗ್ಗದ ನಡುಭಾಗದ ಬಿಗಿತ ಏರುತ್ತಾ ಹೋಗುತ್ತದೆ. 1997ರಲ್ಲಿ ತೈಪೆಯಲ್ಲಿ ಸಾವಿರಕ್ಕೂ ಮಿಕ್ಕಿದ ಜನ ಎಳೆಯುತ್ತಿದ್ದ ಹಗ್ಗ ತುಂಡಾಗಿ ಇಬ್ಬರ ತೋಳುಗಳೇ ಕಿತ್ತುಹೋದವು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬಾರದು. ಜನ ಹೆಚ್ಚಾದರೆ ಹಳೆಯ ಹಗ್ಗ ಬಳಸಲೇಬಾರದು.

ತೂಕಕ್ಕೆ ಬೆಲೆ ಬರುವುದು ಹೇಗೆ

ಗಟ್ಟಿ ನೆಲದ ಮೇಲೆ ಜಾರದಂತೆ ತಡೆಯುವುದು ಘರ್ಷಣೆ. ಅದರ ಮಿತಿ ನೆಲವನ್ನು ಒತ್ತುವ ತೂಕಕ್ಕೆ ಅನುಗುಣವಾಗಿರುತ್ತದೆ ಎಂದು ಫ್ರಾನ್ಸಿನ ಅಮೊಂಟನ್ಸ್ 1699ರಲ್ಲೇ ಹೇಳಿದ್ದ. ನೆಲ ಮತ್ತು ಬೂಟಿನ ನಡುವೆ ತೂಕದ ಶೇ. 80ರಷ್ಟು ಹಿಡಿತ ಸಿಗುತ್ತದೆ ಎಂದುಕೊಂಡರೆ 640 ಕೆ.ಜಿ. ತಂಡಕ್ಕೆ 512 ಕೆ.ಜಿ.ಯಷ್ಟು ತಳ್ಳು, 560 ಕೆ.ಜಿ. ತಂಡಕ್ಕೆ 448. ಬೇರೆಲ್ಲ ಸಮವಿದ್ದರೆ ಹಗುರ ತಂಡ ಸೋಲಲೇಬೇಕು. ಆದರೆ ಹಗುರ ತಂಡ ಒಳ್ಳೆಯ ಬೂಟು ಹಾಕಿ, ಹಿಮ್ಮಡಿ ಊರಿ ಹಿಡಿತವನ್ನು ಶೇ. 95ಕ್ಕೆ ಏರಿಸಿದರೆ ಅದರ ಪಾಲು 532. ಗೆಲುವು ಪಕ್ಷ ಬದಲಾಯಿಸಿತು!

ಬೂಟಿನ ಮಾತು ಕ್ಷುಲ್ಲಕವಲ್ಲ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಲಿವರ್‌ಪೂಲ್ ಪೊಲೀಸರ ಭಾರೀ ಬೂಟುಗಳ ಬಗ್ಗೆ ಅಮೆರಿಕದ ತಂಡ ತಕರಾರು ತೆಗೆದು, ಅದು ಫಲಿಸದಿದ್ದಾಗ ಆಟ ಬಿಟ್ಟು ಹೊರನಡೆದಿತ್ತು.

ವಾಲುವ ಲೆಕ್ಕ

ತೂಕವಿದ್ದರೆ ಸಾಲದು, ಅದನ್ನು ಹಗ್ಗಕ್ಕೆ ಸಾಗಿಸಬೇಕು. ಹಗ್ಗ ಆಟಗಾರನನ್ನು ಪಾದದ ಸುತ್ತ ಮುಂದಕ್ಕೆ ಉರುಳಿಸಲು ನೋಡುತ್ತದೆ. ಹಿಂದಕ್ಕೆ ವಾಲಿದ ಮೈಯ ತೂಕ ಅದನ್ನು ತಡೆಯುತ್ತದೆ. ಹಗ್ಗದ ಎಳೆತವನ್ನು ಹಗ್ಗದ ಎತ್ತರದಿಂದ ಗುಣಿಸಿದ್ದು, ಮೈತೂಕವನ್ನು ಅದು ಪಾದದಿಂದ ಹಿಂದೆ ಸರಿದ ದೂರದಿಂದ ಗುಣಿಸಿದ್ದಕ್ಕೆ ಸಮನಾಗಬೇಕು.

90 ಕೆ.ಜಿ. ತೂಗುವವನೊಬ್ಬ ಹೆಚ್ಚುಕಡಿಮೆ ನೆಟ್ಟಗೆ ನಿಂತಿದ್ದಾನೆ: ಮೈಯ ಗುರುತ್ವ ಕೇಂದ್ರ ಪಾದಕ್ಕಿಂತ 25 ಸೆಂ.ಮೀ. ಹಿಂದೆ, ಹಗ್ಗ ನೆಲದಿಂದ 100 ಸೆಂ.ಮೀ. ಮೇಲೆ. ಅವನು ತಡೆಯಬಲ್ಲದ್ದು 22.5 ಕೆ.ಜಿ. ಮಾತ್ರ. 60 ಕೆ.ಜಿ.ಯ ಇನ್ನೊಬ್ಬ ಚೆನ್ನಾಗಿ ವಾಲಿದ್ದಾನೆ: ಗುರುತ್ವ ಕೇಂದ್ರ 55 ಸೆಂ.ಮೀ. ಹಿಂದೆ, ಹಗ್ಗ 70 ಸೆಂ.ಮೀ. ಎತ್ತರದಲ್ಲಿ. ಅವನು ತಡೆಯುವುದು 47 ಕೆ.ಜಿ., ಅಂದರೆ ಭಾರೀ ಆಳಿನ ಎರಡರಷ್ಟಕ್ಕೂ ಹೆಚ್ಚು. ಭಾರೀ ಆಳೂ ಅಷ್ಟೇ ವಾಲಲು ಕಲಿತರೆ ಸುಮಾರು 71 ಕೆ.ಜಿ. ತಡೆಯುತ್ತಾನೆ, ಆಗ ಹಗುರದವನ ಆಟ ಮುಗಿಯಿತು. ಪಳಗಿದವರ ನಡುವೆ ತೂಕ ನಿರ್ಣಾಯಕವಾಗುವುದಕ್ಕೂ, ಊರಾಟದಲ್ಲಿ ಸಣಕಲು ತಂಡಗಳು ಗೆದ್ದು ಬೆರಗುಗೊಳಿಸುವುದಕ್ಕೂ ಕಾರಣ ಈ ಒಂದೇ ಲೆಕ್ಕ.

ವಾಲುವುದಕ್ಕೂ ಮಿತಿಯಿದೆ. ಕರಿಮೆಣಸು ಕೊಯ್ಯಲು ಮರಕ್ಕೆ ಒರಗಿಸಿದ ಏಣಿಯನ್ನು ಅತಿಯಾಗಿ ವಾಲಿಸಿದರೆ ಅದರ ಬುಡ ಜಾರುತ್ತದಲ್ಲ, ಇಲ್ಲೂ ಹಾಗೆಯೇ: ನೆಲದ ಹಿಡಿತ ಎಷ್ಟೋ ವಾಲುವಿಕೆಯೂ ಅಷ್ಟೇ ಇರಬೇಕು.

ಕೆಸರಿನಲ್ಲಿ ನಿಯಮವೇ ಬೇರೆ

ಗದ್ದೆಯಲ್ಲಿ ಬಲಾಬಲ ನೋಡುವುದು ಕೊಡಗಿಗೆ ಹೊಸತಲ್ಲ. ನಾಟಿ ಮುಗಿಯುವ ಹೊತ್ತಿಗೆ ದೊಡ್ಡ ಗದ್ದೆಯಲ್ಲಿ ಉದ್ದಕ್ಕೂ ಜಾಗ ಬಿಟ್ಟು ನಡೆಸುತ್ತಿದ್ದ ಓಟವನ್ನು ರಿಕ್ಟರ್ 1870ರ ತಮ್ಮ ಕೊಡಗಿನ ಕೈಪಿಡಿಯಲ್ಲಿ ವರ್ಣಿಸಿದ್ದಾರೆ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಪ್ರಿಯವಾದ ಭಾಗವೂ ಗದ್ದೆಯೇ.

ಫ್ರಾನ್ಸಿನ ಎಂಜಿನಿಯರ್ ಕೂಲಂಬ್ 1773ರಲ್ಲಿ ಮಂಡಿಸಿದ ಪ್ರಬಂಧವೊಂದು ಮಣ್ಣಿನ ತಾಳಿಕೆಯನ್ನು ಎರಡು ಪಾಲು ಮಾಡಿತು. ಒಂದು, ಮೇಲಿನ ಒತ್ತಡದೊಂದಿಗೆ ಹೆಚ್ಚುವ ಘರ್ಷಣೆ. ಇನ್ನೊಂದು, ಒತ್ತಡ ಎಷ್ಟೇ ಇರಲಿ ಬದಲಾಗದ ಅಂಟು. ಒಣ ಮರಳಿನಲ್ಲಿ ಇರುವುದೆಲ್ಲ ಮೊದಲನೆಯದೇ. ನೀರು ತುಂಬಿದ ಜೇಡಿ ಕೆಸರನ್ನು ಥಟ್ಟನೆ ತುಳಿದಾಗ ಹೊಸ ಭಾರವನ್ನು ಹೊರುವುದು ಕಣಗಳ ನಡುವೆ ಸಿಕ್ಕಿಬಿದ್ದ ನೀರು. ಕಣಗಳು ಒಂದನ್ನೊಂದು ಹೆಚ್ಚು ಒತ್ತುವುದೇ ಇಲ್ಲ. ಹಾಗಾಗಿ ಅಲ್ಲಿ ಬಹುಮಟ್ಟಿಗೆ ಎರಡನೆಯದೇ ಉಳಿಯುತ್ತದೆ. ಅಂದರೆ ಪಾದದಡಿಯ ಹಿಡಿತ ಪಾದದ ವಿಸ್ತಾರವನ್ನು ಅವಲಂಬಿಸುತ್ತದೆ, ತೂಕವನ್ನಲ್ಲ! ಗಟ್ಟಿ ನೆಲದಲ್ಲಿ ಭಾರದವನಿಗೆ ಸಿಗುತ್ತಿದ್ದ ನೇರ ಲಾಭ ಇಲ್ಲಿ ಕರಗಿಹೋಗುತ್ತದೆ.

ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಭಾರದವನು ಆಳಕ್ಕೆ ಹೂತುಕೊಳ್ಳುತ್ತಾನೆ. ಹೂತ ಕಾಲು ಜಾರಬೇಕಾದರೆ ಎದುರಿಗಿನ ಕೆಸರನ್ನೆಲ್ಲ ತಳ್ಳಿಕೊಂಡು ಹೋಗಬೇಕು. ಅದು ದೊಡ್ಡ ತಡೆ. ಮೇಲಾಗಿ ವರ್ಷಗಟ್ಟಲೆ ಉತ್ತ ಗದ್ದೆಯ ಕೆಸರಿನಡಿ ಒಂದು ಗಟ್ಟಿ ಪದರ ಕೂಡಿಕೊಂಡಿರುತ್ತದೆ. ನೀರು ಇಂಗದೆ ನಿಲ್ಲುವುದು ಅದರಿಂದಲೇ. ಹಿಮ್ಮಡಿ ಆ ಪದರಕ್ಕೆ ತಾಗಿದವನಿಗೆ ಒಳ್ಳೆಯ ಆಸರೆ. ತಡೆದು ನಿಲ್ಲುವಾಗ ಇದೆಲ್ಲ ಲಾಭ. ಹಿಂದಕ್ಕೆ ಹೆಜ್ಜೆ ಹಾಕಬೇಕಾದಾಗ ಅದೇ ಕಾಲನ್ನು ಕೆಸರಿನಿಂದ ಕಿತ್ತು ತೆಗೆಯಬೇಕು. ಆಗ ಹಗುರದವರು ಮುಂದು. ಕೆಸರುಗದ್ದೆಯಲ್ಲಿ ಪಂದ್ಯ ಥಟ್ಟನೆ ತಿರುಗುವುದಕ್ಕೆ ಇದೊಂದು ಕಾರಣ.

ದೊಡ್ಡ ಮೈ ಅಂದರೆ ದೊಡ್ಡ ಬಲವೇ?

ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತಾರದೊಂದಿಗೆ ಬೆಳೆಯುತ್ತದೆ, ತೂಕ ಗಾತ್ರದೊಂದಿಗೆ. ಮೈಯ ಎಲ್ಲ ಅಳತೆಗಳೂ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟು, ತೂಕ ಎಂಟು ಪಟ್ಟು. ಈ ತರ್ಕದ ಬೇರು ಗೆಲಿಲಿಯೋ 1638ರಲ್ಲಿ ಬರೆದುದರಲ್ಲಿದೆ. ಕುಂದಾಪುರದ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದ ಭಾರ ಎತ್ತುವ ಸ್ಪರ್ಧೆಯ 56 ಕೆ.ಜಿ. ವರ್ಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ಮೈತೂಕದ ನಾಲ್ಕು ಪಟ್ಟಿಗೂ ಮಿಕ್ಕಿದ್ದು. ಜಾರ್ಜಿಯಾದ ದೈತ್ಯ ಲಾಶಾ ತಲಖಾಡ್ಜೆ 2021ರಲ್ಲಿ ಒಟ್ಟು 492 ಕೆ.ಜಿ. ಎತ್ತಿ ವಿಶ್ವದಾಖಲೆ ಬರೆದರು, ಆದರೆ ಅದು ಅವರ ಮೈತೂಕದ ಮೂರು ಪಟ್ಟನ್ನೂ ಮುಟ್ಟುವುದಿಲ್ಲ. ಒಟ್ಟು ಬಲದಲ್ಲಿ ದೊಡ್ಡವರು, ಕೆ.ಜಿ.ಯೊಂದರ ಬಲದಲ್ಲಿ ಸಣ್ಣವರು ಮುಂದು. ಹಗ್ಗವನ್ನು ಹಿಡಿದು ನಿಲ್ಲಲು ಮೊದಲನೆಯದು ಬೇಕು, ಬೇಗ ಬೇಗ ಹೆಜ್ಜೆ ಬದಲಿಸಲು ಎರಡನೆಯದು.

ತಂಡದ ಹೊಂದಾಣಿಕೆಯನ್ನೂ ಮರೆಯುವಂತಿಲ್ಲ. ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗಲ್‌ಮನ್ 1880ರ ದಶಕದಲ್ಲಿ ಜನರನ್ನು ಒಬ್ಬಂಟಿಯಾಗಿಯೂ ಗುಂಪಾಗಿಯೂ ಎಳೆಸಿ ಅಳೆದ. ಎಂಟು ಜನ ಸೇರಿದಾಗ ತಲಾ ಎಳೆತ ಒಬ್ಬಂಟಿಯ ಸುಮಾರು ಅರ್ಧಕ್ಕೆ ಇಳಿದಿತ್ತು. ಎಲ್ಲರ ಬಲ ಒಂದೇ ಕ್ಷಣಕ್ಕೆ ಕೂಡದಿರುವುದು, ಬೇರೆಯವರು ಎಳೆಯುತ್ತಾರೆ ಎಂಬ ಸಡಿಲ, ಎರಡೂ ಸೇರಿ ಹೀಗಾಗುತ್ತದೆ. ಪಕ್ಕದಲ್ಲಿ ನಿಂತು ‘ಐಸಾ’ ಕೂಗುವವನ ಕೆಲಸ ಎಷ್ಟು ದೊಡ್ಡದೆಂದು ಇದರಿಂದ ತಿಳಿಯುತ್ತದೆ.

ಅಮೆರಿಕದ ಸಾಲಿನಲ್ಲೂ ಇದೇ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಎದುರಾಳಿಯ ಗೋಡೆಯಂಥ ಸಾಲಿಗೆ ಮೈಯೊಡ್ಡುವವರು ರಕ್ಷಣಾ ಲೈನ್‌ಮನ್‌ಗಳು. ಅಲ್ಲಿ ಎಳೆತದ ಬದಲು ತಳ್ಳಾಟ, ಆದರೆ ಲೆಕ್ಕ ಒಂದೇ: ಒಬ್ಬರಿಗೊಬ್ಬರು ಕೊಡುವ ಬಲ ಸಮ, ತೀರ್ಪು ನೆಲದ್ದು. ತಗ್ಗಿ ನಿಂತವನೇ ಗೆಲ್ಲುತ್ತಾನೆ ಎಂಬುದು ಅಲ್ಲಿನ ಕೋಚ್‌ಗಳ ನಿತ್ಯಪಾಠ. ನಡುವೆ ನಿಂತು ಇಬ್ಬರ ತಳ್ಳು ತಡೆಯುವವನಿಗೆ ತೂಕ ಬೇಕೇಬೇಕು; ಜೋರ್ಡನ್ ಡೇವಿಸ್ ಅಲ್ಲಿನ ವೃತ್ತಿಪರ ಲೀಗಿನ 2022ರ ಆಯ್ಕೆ ಪರೀಕ್ಷೆಗೆ ಬಂದಾಗ ಸುಮಾರು 155 ಕೆ.ಜಿ. ಇದ್ದರು. ಆದರೆ ಸುಮಾರು 127 ಕೆ.ಜಿ.ಯ ಆರನ್ ಡೊನಾಲ್ಡ್ 2017, 2018 ಮತ್ತು 2020ರಲ್ಲಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ ಎನಿಸಿಕೊಂಡರು. ಅವರಿಗೂ ಮೊದಲು, 1971ರಲ್ಲಿ, ಇನ್ನೂ ಹಗುರದ ಆಲನ್ ಪೇಜ್ ಲೀಗಿನ ಅತಿ ಮೌಲಿಕ ಆಟಗಾರ ಪ್ರಶಸ್ತಿ ಪಡೆದ ಮೊದಲ ರಕ್ಷಣಾ ಆಟಗಾರರಾದರು. ಮುಂದೆ ಅವರು ಮಿನೆಸೋಟ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯೂ ಆದರು.

ತೂಕ ಏರಿಸಿಕೊಳ್ಳುವುದಕ್ಕೆ ಬೆಲೆಯೂ ಇದೆ. ಅಮೆರಿಕ ಸರಕಾರದ ಸಂಸ್ಥೆಯೊಂದು 1994ರಲ್ಲಿ ಪ್ರಕಟಿಸಿದ ಅಧ್ಯಯನ, ಲೈನ್‌ಮನ್‌ಗಳು ಹೃದಯರೋಗದಿಂದ ಸಾಯುವ ಸಂಭವ ಸಾಮಾನ್ಯ ಜನರಿಗಿಂತ ಹೆಚ್ಚೆಂದು ಕಂಡಿತು. ಹಬ್ಬದ ಒಂದು ಪಂದ್ಯಕ್ಕಾಗಿ ಯಾರೂ ಮೈ ಬೆಳೆಸಬೇಕಾಗಿಲ್ಲ.

ಒಟ್ಟಿನಲ್ಲಿ

ಗಾತ್ರ ಮುಖ್ಯವೇ ಹೌದು, ಆದರೆ ಅದರ ಸರದಿ ಬರುವುದು ಪಾದ ಊರುವುದು, ವಾಲುವುದು, ಕೂಡಿ ಎಳೆಯುವುದು ಇವೆಲ್ಲ ಸಮನಾದ ಮೇಲೆ. ನೆಲ ಬದಲಾದರೆ ಗಾತ್ರದ ಬೆಲೆಯೂ ಬದಲಾಗುತ್ತದೆ.

ಇದನ್ನೆಲ್ಲ ನಂಬಿ ಸುಮ್ಮನಾಗಬೇಡಿ, ಅಳೆದು ನೋಡಿ. ಕೊಡಗಿನ ಶಾಲಾ ಕಾಲೇಜುಗಳ ಭೌತಶಾಸ್ತ್ರ ಅಧ್ಯಾಪಕರಲ್ಲಿ ನನ್ನ ಬೇಡಿಕೆ ಇದು: ಕಾಫಿ ಚೀಲ ತೂಗುವ ಕೊಕ್ಕೆ ತಕ್ಕಡಿಯೊಂದನ್ನು ಹಗ್ಗ ಮತ್ತು ಮರದ ನಡುವೆ ಕಟ್ಟಿ, ಒಬ್ಬೊಬ್ಬ ವಿದ್ಯಾರ್ಥಿಯಿಂದಲೇ ಎಳೆಸಿ. ಒಣಮೈದಾನದಲ್ಲಿ, ಒದ್ದೆ ಹುಲ್ಲಿನ ಮೇಲೆ, ನಾಟಿಗೆ ಮೊದಲಿನ ಕೆಸರಿನಲ್ಲಿ. ಬರಿಗಾಲಲ್ಲಿ, ಬೂಟು ಹಾಕಿ. ಮೈತೂಕವನ್ನೂ ವಾಲಿದ ಕೋನವನ್ನೂ ಪಕ್ಕದಲ್ಲಿ ಬರೆದಿಡಿ. ಕೆಸರಿನಲ್ಲಿ ತೂಕದ ಲಾಭ ಎಷ್ಟು ಕುಗ್ಗುತ್ತದೆ, ಎಷ್ಟು ಆಳಕ್ಕೆ ಹೂತರೆ ಅದು ಮರಳಿ ಬರುತ್ತದೆ ಎಂಬುದನ್ನು ನಮ್ಮ ಗದ್ದೆಗಳ ಮಣ್ಣಿಗೇ ಲೆಕ್ಕ ಹಾಕಿ ಕೊಡಬಲ್ಲವರು ಆ ಗದ್ದೆಯ ಬದುವಿನಲ್ಲೇ ಬೆಳೆದ ಮಕ್ಕಳು. ಅವರ ಕೈಗೆ ತಕ್ಕಡಿ, ಅಳತೆಪಟ್ಟಿ ಮತ್ತು ಒಂದು ನೋಟ್‌ಬುಕ್ ಕೊಡೋಣ.