ಏರಿದ 12 ಕಿಲೊ ಮಾತ್ರ ಯಾಕೆ ಕಾಣುತ್ತೆ?

ಕನ್ನಡಕ ಹಾಕುವವರಿಗೆ ನಂಬರ್ ಏರಿದರೆ ಹೊಸ ಗ್ಲಾಸ್ ಹಾಕಿಸುತ್ತಾರೆ. ಬಿಪಿ ಜಾಸ್ತಿಯಾದರೆ ಡಾಕ್ಟರು ಮಾತ್ರೆ ಬದಲಿಸುತ್ತಾರೆ. ‘ಅಷ್ಟು ದುಡ್ಡು ಕೊಟ್ಟು ಕನ್ನಡಕ ಮಾಡಿಸಿದ್ವಲ್ಲ, ಮತ್ತೆ ಹೇಗೆ ನಂಬರ್ ಏರಿಸ್ಕೊಂಡೆ?’ ಅಂತ ಯಾರೂ ಬೈಯುವುದಿಲ್ಲ. ಆದರೆ ತೂಕ ಇಳಿಸುವ ಸರ್ಜರಿ ಮಾಡಿಸಿಕೊಂಡವರ ತೂಕ ಒಂದಿಷ್ಟು ವಾಪಸ್ ಬಂದರೆ ಸಾಕು, ನೆಂಟರಿಷ್ಟರೆಲ್ಲ ಜಡ್ಜ್ ಆಗಿಬಿಡುತ್ತಾರೆ.

ನಾನು ಇದನ್ನು ಬರೆಯಲು ಕಾರಣ ನನ್ನ ಅತ್ತೆ, ಅಪ್ಪನ ತಂಗಿ. ಸರ್ಜರಿಗೆ ಮುಂಚೆ ಅವರ ತೂಕ 116 ಕಿಲೊ. ಜೊತೆಗೆ ಶುಗರ್, ಮಂಡಿನೋವು, ರಾತ್ರಿ ಮಲಗಿದರೆ ಉಸಿರು ಕಟ್ಟಿದಂತಾಗುವ ತೊಂದರೆ. ಬಿಸಿನೀರಿಗೆ ನಿಂಬೆಹಣ್ಣು, ಸಿರಿಧಾನ್ಯ, ರಾತ್ರಿ ಊಟ ಬಿಡುವುದು, ಜಿಮ್ಮು ಎಲ್ಲವೂ ಆಗಿತ್ತು. ಪ್ರತಿ ಸಲ ಐದಾರು ಕಿಲೊ ಇಳಿಯುವುದು, ಮತ್ತೆ ಏರುವುದು. ಐದು ವರ್ಷದ ಹಿಂದೆ ಡಾಕ್ಟರು ಹೇಳಿದ ಮೇಲೆ ‘ಸ್ಲೀವ್’ ಸರ್ಜರಿ ಮಾಡಿಸಿಕೊಂಡರು. ಒಂದೂವರೆ ವರ್ಷದಲ್ಲಿ 80 ಕಿಲೊಗೆ ಬಂದರು. ಶುಗರ್ ಮಾತ್ರೆ ಕಡಿಮೆಯಾಯಿತು. ಮೂರನೇ ಮಹಡಿಯ ನಮ್ಮ ಮನೆಗೆ ಎಲ್ಲೂ ನಿಲ್ಲದೆ ಮೆಟ್ಟಿಲು ಹತ್ತಿ ಬಂದರು.

ಮೂರನೇ ವರ್ಷದಿಂದ ತೂಕ ಮೆಲ್ಲಗೆ ಏರತೊಡಗಿತು. ಈಗ 92. ಅಲ್ಲಿಂದ ಮಾತುಗಳೂ ಶುರುವಾದವು. ‘ಲಕ್ಷಗಟ್ಟಲೆ ಸುರಿದ್ಯಲ್ಲ, ಎಲ್ಲಾ ನೀರಲ್ಲಿ ಹೋಮ’, ‘ಹೊಟ್ಟೆ ಕತ್ತರಿಸಿದ್ರೂ ಬಾಯಿ ಕಟ್ಟೋಕಾಗ್ಲಿಲ್ವಾ?’ ಮದುವೆ ಊಟದ ಪಂಕ್ತಿಯಲ್ಲಿ ಹೋಳಿಗೆ ಹಾಕಿಸಿಕೊಂಡರೂ ಕಷ್ಟ, ಬೇಡ ಅಂದರೂ ಕಷ್ಟ. 116ರಿಂದ 92 ಅಂದರೆ ಅವರು ಈಗಲೂ ಮೊದಲಿಗಿಂತ 24 ಕಿಲೊ ಕಡಿಮೆ ಇದ್ದಾರೆ. ಆ 24 ಯಾರ ಲೆಕ್ಕಕ್ಕೂ ಬರಲಿಲ್ಲ. ಮರಳಿ ಬಂದ 12 ಮಾತ್ರ ಎಲ್ಲರಿಗೂ ಕಂಡಿತು.

ಹೊಟ್ಟೆ ಚಿಕ್ಕದಾಯಿತು, ಮೆದುಳು?

ಸ್ಲೀವ್ ಸರ್ಜರಿಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು, ಉಳಿದದ್ದನ್ನು ಬಾಳೆಕಾಯಿಯಂಥ ಕೊಳವೆ ಮಾಡುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲ ಮಾಡಿ, ಅದನ್ನು ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎರಡರಲ್ಲೂ ಸ್ವಲ್ಪ ತಿಂದರೆ ಹೊಟ್ಟೆ ತುಂಬುತ್ತದೆ. ಅಷ್ಟೇ ಅಲ್ಲ, ಹಸಿವಿಗೆ ಸಂಬಂಧಪಟ್ಟ ಹಾರ್ಮೋನ್‌ಗಳೂ ಬದಲಾಗುತ್ತವೆ. ಹಸಿವು ಹುಟ್ಟಿಸುವ ಗ್ರೆಲಿನ್ ಹೆಚ್ಚಾಗಿ ತಯಾರಾಗುವ ಜಾಗವೇ ಸ್ಲೀವ್‌ನಲ್ಲಿ ಹೋಗಿಬಿಡುತ್ತದೆ. ಅದಕ್ಕೇ ಮೊದಲ ವರ್ಷ ತೂಕ ಭರಭರ ಇಳಿಯುತ್ತದೆ.

ಆಮೇಲೆ ಏನಾಗುತ್ತದೆ ಅನ್ನುವುದು ನನಗೆ ಅರ್ಥವಾಗಿದ್ದು ಬಿ.ಇ. ಕ್ಲಾಸಿನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಓದುವಾಗ. ಫ್ರಿಡ್ಜ್‌ನಲ್ಲಿ ಒಂದು ತಾಪಮಾನ ಸೆಟ್ ಮಾಡಿರುತ್ತೇವೆ. ಬಾಗಿಲು ತೆರೆದಿಟ್ಟು ಒಳಗೆ ಬಿಸಿ ಮಾಡಿದರೆ ಕಂಪ್ರೆಸರ್ ಸುಮ್ಮನಿರುವುದಿಲ್ಲ, ಸೆಟ್ ಮಾಡಿದ ಅಂಕಿಗೆ ಮರಳುವವರೆಗೂ ಓಡುತ್ತದೆ. ದೇಹದಲ್ಲೂ ಇಂಥದ್ದೊಂದು ಫೀಡ್‌ಬ್ಯಾಕ್ ಇದೆ. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನ್ ಬಿಡುತ್ತವೆ. 1994ರಲ್ಲಿ ಅಮೆರಿಕದ ವಿಜ್ಞಾನಿ ಜೆಫ್ರಿ ಫ್ರೀಡ್‌ಮನ್ ಮತ್ತು ತಂಡ ಇದರ ಜೀನ್ ಕಂಡುಹಿಡಿದರು. ಕೊಬ್ಬು ಕರಗಿದರೆ ಲೆಪ್ಟಿನ್ ಇಳಿಯುತ್ತದೆ. ಮೆದುಳಿಗೆ ಅದು ‘ಬರಗಾಲ ಬಂತು’ ಅನ್ನುವ ಸುದ್ದಿ. ಅದು ಹಸಿವು ಏರಿಸುತ್ತದೆ, ಖರ್ಚು ಇಳಿಸುತ್ತದೆ. ನಾವು ಡಯಟ್ ಮಾಡುತ್ತಿದ್ದೇವೋ, ನಿಜಕ್ಕೂ ಅನ್ನವಿಲ್ಲವೋ ಅದಕ್ಕೆ ಗೊತ್ತಿಲ್ಲ.

ಅಮೆರಿಕದಲ್ಲಿ ‘ದಿ ಬಿಗ್ಗೆಸ್ಟ್ ಲೂಸರ್’ ಅಂತ ತೂಕ ಇಳಿಸುವ ಟಿವಿ ಶೋ ಇತ್ತು. ಅದರ 14 ಸ್ಪರ್ಧಿಗಳನ್ನು ಆರು ವರ್ಷದ ನಂತರ ಪರೀಕ್ಷಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಹೆಚ್ಚಿನವರ ತೂಕ ಬಹಳಷ್ಟು ಮರಳಿತ್ತು. ಅಷ್ಟೇ ಅಲ್ಲ, ಅವರ ದೇಹ ವಿಶ್ರಾಂತಿಯಲ್ಲಿರುವಾಗ ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತಿತ್ತು. ಇವರು ಸರ್ಜರಿಯಿಲ್ಲದೆ ಬೆವರು ಸುರಿಸಿ ಇಳಿಸಿದ್ದವರು. ಸರ್ಜರಿ ಈ ಎಳೆದಾಟದಲ್ಲಿ ನಮ್ಮ ಕಡೆಗೆ ದೊಡ್ಡ ಬಲ ಕೊಡುತ್ತದೆ ನಿಜ. ಆದರೆ ಎದುರು ಪಕ್ಷ ಹಗ್ಗ ಬಿಟ್ಟು ಮನೆಗೆ ಹೋಗುವುದಿಲ್ಲ.

ಸ್ವೀಡನ್ ದೇಶದಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನವೊಂದು ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿತು. ಬೈಪಾಸ್ ಮಾಡಿಸಿಕೊಂಡವರ ತೂಕ ಒಂದೆರಡು ವರ್ಷದಲ್ಲಿ ಸರಾಸರಿ ಶೇ 32ರಷ್ಟು ಇಳಿಯಿತು. ಹತ್ತು ವರ್ಷದ ಹೊತ್ತಿಗೆ ಆ ಇಳಿಕೆ ಶೇ 25 ಆಗಿತ್ತು. ಅಂದರೆ ಸರಾಸರಿಯಲ್ಲೇ ಸ್ವಲ್ಪ ತೂಕ ಮರಳಿದೆ. ಅದೇ ಅಧ್ಯಯನದ 2007ರ ವರದಿಯ ಪ್ರಕಾರ, ಸರ್ಜರಿ ಮಾಡಿಸಿಕೊಂಡವರ ಗುಂಪಿನಲ್ಲಿ ಸಾವಿನ ಪ್ರಮಾಣವೂ ಕಡಿಮೆ. ಅತ್ತೆಯದು ಬೇರೆ ಬಗೆಯ ಸರ್ಜರಿಯಾದರೂ ಪಾಠ ಒಂದೇ: ಒಂದಷ್ಟು ತೂಕ ಮರಳಿ ಬಂದರೆ ಸರ್ಜರಿ ವ್ಯರ್ಥವಾಯಿತು ಅಂತಲ್ಲ.

ನಾಚಿಕೆ ಮಾಡುವ ಹಾನಿ

ತೂಕಕ್ಕಿಂತ ನನಗೆ ಭಯ ಹುಟ್ಟಿಸಿದ್ದು ಬೇರೆಯದು. ಜನರ ಮಾತಿಗೆ ಹೆದರಿ ಅತ್ತೆ ಎರಡು ವರ್ಷ ಆಸ್ಪತ್ರೆಗೇ ಹೋಗಿರಲಿಲ್ಲ. ‘ಡಾಕ್ಟರ್ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ ಪುಟ್ಟಿ?’ ಅಂದರು. ವಿಟಮಿನ್ ಮಾತ್ರೆಗಳನ್ನೂ ಬಿಟ್ಟಿದ್ದರು. ಈ ಸರ್ಜರಿ ಆದವರಿಗೆ ಬಿ12, ಕಬ್ಬಿಣಾಂಶ, ಕ್ಯಾಲ್ಸಿಯಂ, ವಿಟಮಿನ್ ಡಿ ಸರಿಯಾಗಿ ಸಿಗುವುದಿಲ್ಲ, ಹಾಗಾಗಿ ಜೀವನಪೂರ್ತಿ ಮಾತ್ರೆ ಮತ್ತು ರಕ್ತಪರೀಕ್ಷೆ ಬೇಕು. ಕಾಲು ಜೋಮು ಹಿಡಿದು, ಸುಸ್ತಾಗಿ ಊರಿನ ಡಾಕ್ಟರ ಹತ್ತಿರ ಹೋದಾಗ ಬಿ12 ತೀರಾ ಕಡಿಮೆ ಅಂತ ಗೊತ್ತಾಯಿತು. ಮರಳಿ ಬಂದ 12 ಕಿಲೊಗಿಂತ ಅವರಿಗೆ ಹೆಚ್ಚು ತೊಂದರೆ ಕೊಟ್ಟದ್ದು ಆ ನಾಚಿಕೆ.

ಆಮೇಲೆ ಅವರ ಜೊತೆ ನಾನೂ ಸರ್ಜರಿ ಮಾಡಿದ ಡಾಕ್ಟರ ಬಳಿಗೆ ಹೋದೆ. ಬೈಗುಳ ಬೀಳುತ್ತದೆ ಅಂತ ಅತ್ತೆ ಸೆರಗಿನ ತುದಿ ಸುತ್ತುತ್ತ ಕೂತಿದ್ದರು. ಡಾಕ್ಟರು ಬೈಯಲಿಲ್ಲ, ಪ್ರಶ್ನೆ ಕೇಳಿದರು. ನಿದ್ದೆ ಎಷ್ಟು? ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ? ಥೈರಾಯ್ಡ್ ನೋಡಿಸಿದ್ದೀರಾ? ಕೆಲವು ಮಾತ್ರೆಗಳಿಂದಲೂ ತೂಕ ಏರುತ್ತದಂತೆ. ಜಠರದ ಕೊಳವೆ ಹಿಗ್ಗಿದೆಯೇ ಅಂತ ಎಂಡೋಸ್ಕೋಪಿಯಲ್ಲಿ ನೋಡಬಹುದಂತೆ.

ಊಟದ ಲೆಕ್ಕ ಬರೆದಾಗ ಇನ್ನೊಂದು ವಿಷಯ ಹೊರಬಂತು. ಅತ್ತೆಗೆ ಒಂದು ಮುದ್ದೆ ಪೂರ್ತಿ ಸೇರುವುದಿಲ್ಲ. ಆದರೆ ಕೋಡುಬಳೆ, ಮಿಕ್ಸ್ಚರ್, ಸಕ್ಕರೆ ಹಾಕಿದ ಕಾಫಿ, ಜ್ಯೂಸ್ ಸಲೀಸಾಗಿ ಇಳಿಯುತ್ತವೆ. ಚಿಕ್ಕ ಹೊಟ್ಟೆ ಒಂದೇ ಸಲದ ದೊಡ್ಡ ಊಟವನ್ನು ತಡೆಯುತ್ತದೆ, ದಿನವಿಡೀ ಚೂರುಚೂರು ತಿನ್ನುವುದನ್ನು ತಡೆಯುವುದಿಲ್ಲ. ಈಗ ತಟ್ಟೆಯಲ್ಲಿ ಮೊದಲು ಮೊಟ್ಟೆ, ಕಾಳಿನ ಪಲ್ಯ ಅಥವಾ ಮೊಸರು, ಆಮೇಲೆ ಅನ್ನ. ಊಟದ ಜೊತೆ ನೀರಿಲ್ಲ. ಸಂಜೆ ವಾಕಿಂಗ್, ವಾರಕ್ಕೆರಡು ದಿನ ಸ್ನಾಯು ಗಟ್ಟಿಯಾಗುವ ವ್ಯಾಯಾಮ. ಬೇಸರ ಬಂದಾಗ ಡಬ್ಬಿ ತೆರೆಯುವ ಅಭ್ಯಾಸದ ಬಗ್ಗೆ ಕೌನ್ಸೆಲರ್ ಹತ್ತಿರವೂ ಮಾತಾಡುತ್ತಿದ್ದಾರೆ.

ಇಷ್ಟಕ್ಕೂ ಬಗ್ಗದಿದ್ದರೆ ಮುಂದೆ ದಾರಿಗಳಿವೆ. ಹಸಿವು ಕಡಿಮೆ ಮಾಡುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್‌ನಂಥ ಇಂಜೆಕ್ಷನ್‌ಗಳು ತೂಕ ಇಳಿಸಲೆಂದೇ 2025ರಲ್ಲಿ ನಮ್ಮ ದೇಶಕ್ಕೂ ಬಂದಿವೆ. ಕೆಲವರಿಗೆ ಸ್ಲೀವ್ ಅನ್ನು ಬೈಪಾಸ್ ಆಗಿ ಬದಲಿಸುವ ಎರಡನೇ ಸರ್ಜರಿ ಮಾಡುತ್ತಾರೆ. ಯಾರಿಗೆ ಯಾವುದು ಅಂತ ಹೇಳಬೇಕಾದವರು ಡಾಕ್ಟರು, ರೀಲ್ಸ್ ಮಾಡುವವರಲ್ಲ. ಗಾಬರಿಯಾಗಿ ಉಪವಾಸ ಕೂರುವುದಂತೂ ಬೇಡವೇ ಬೇಡ. ಮೊದಲೇ ಪೋಷಕಾಂಶ ಕಡಿಮೆ ಇರುವ ದೇಹ ಇನ್ನಷ್ಟು ಸೊರಗುತ್ತದೆ.

ನಾಲ್ಕು ತಿಂಗಳಾಯಿತು. ಅತ್ತೆಯ ತೂಕ 92ರಲ್ಲೇ ನಿಂತಿದೆ. ‘ಇಳಿದೇ ಇಲ್ವಲ್ಲ’ ಅಂತ ಚಿಕ್ಕಪ್ಪ ಅಂದರು. ಏರುತ್ತಿದ್ದದ್ದು ನಿಂತಿದೆ, ಬಿ12 ಸರಿಹೋಗಿದೆ, ಕಾಲಿನ ಜೋಮು ಕಡಿಮೆಯಾಗಿದೆ, ಮುಂದಿನ ಅಪಾಯಿಂಟ್‌ಮೆಂಟ್ ದಿನಾಂಕವನ್ನು ಅತ್ತೆ ತಾವೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡಿದ್ದಾರೆ. ನನ್ನ ಪ್ರಕಾರ ಇವೆಲ್ಲ ಲೆಕ್ಕಕ್ಕೆ ಬರಬೇಕು.

ನಮ್ಮ ವಯಸ್ಸಿನವರಿಗೆ ಒಂದು ಮಾತು. ಮನೆಯಲ್ಲಿ ಇಂಥವರು ಯಾರಾದರೂ ಇದ್ದರೆ ‘ಮತ್ತೆ ದಪ್ಪ ಆದ್ರಲ್ಲ’ ಅನ್ನುವ ಬದಲು ‘ಚೆಕಪ್ ಯಾವತ್ತು? ನಾನೂ ಬರ್ತೀನಿ’ ಅನ್ನಿ. ಹಾಗೆ ಜೊತೆಗೆ ಹೋಗಲು ನಮಗೆ ಖರ್ಚಾಗುವುದು ಅರ್ಧ ದಿನ ರಜೆ ಮತ್ತು ಬಸ್ ಚಾರ್ಜು, ಅಷ್ಟೇ.